‘ಕಿರಿಕಿರಿ’ ಅಲ್ಲ, ಅದು ಬೆಂಬಿಡದ ಕಾಟ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು. ಉಪನಗರದ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ಅವಳ ಮೇಲಧಿಕಾರಿ ತಿಂಗಳುಗಟ್ಟಲೆ ಮೆಸೇಜ್ ಕಳಿಸುತ್ತಿದ್ದ, ಬೇಡ ಅಂದರೂ ಬಿಡಲಿಲ್ಲ, ರಾತ್ರಿ ಹೊತ್ತು ಫೋನ್ ಮಾಡುತ್ತಿದ್ದ, ಸ್ಟೇಷನ್ ಬ್ರಿಜ್ ಮೇಲೆ ಕಾದು ನಿಲ್ಲುತ್ತಿದ್ದ, ಕೊನೆಗೆ ಅವಳು ದೂರು ಕೊಟ್ಟಳು. ಇಷ್ಟು ಸುದ್ದಿ. ಅದರ ತಲೆಬರಹ ‘ಮಹಿಳಾ ಸಹೋದ್ಯೋಗಿಗೆ ಕಿರಿಕಿರಿ’. ಒಳಗೆ ಒಂದು ಸಾಲಿನಲ್ಲಿ ‘ಚುಡಾಯಿಸುತ್ತಿದ್ದ’ ಅಂತ ಇತ್ತು, ಇನ್ನೊಂದು ಸಾಲಿನಲ್ಲಿ ‘ಕಿರುಕುಳ’.

ನಲ್ಲಿಯಿಂದ ನೀರು ತೊಟ್ಟಿಕ್ಕಿದರೆ ಕಿರಿಕಿರಿ. ಪಕ್ಕದ ಮನೆಯವರು ಟಿವಿ ಜೋರಾಗಿ ಇಟ್ಟರೆ ಕಿರಿಕಿರಿ. ಒಬ್ಬಳು ಮನೆಯಿಂದ ಹೊರಡುವ ಸಮಯ ಬದಲಿಸಿ, ಹೋಗುವ ದಾರಿ ಬದಲಿಸಿ, ಆಮೇಲೆ ಕೆಲಸವನ್ನೇ ಬಿಡುವ ಯೋಚನೆ ಮಾಡುವಂತೆ ಆದರೆ ಅದಕ್ಕೂ ಅದೇ ಮಾತಾ?

ನಾನು ಮುಂಬಯಿಯ ಫೋರ್ಟ್ ಭಾಗದಲ್ಲಿ ಕೆಲಸ ಮಾಡುವವಳು. ನಮ್ಮ ಆಫೀಸಿನ ಆಂತರಿಕ ಸಮಿತಿಯಲ್ಲಿ, ಅಂದರೆ ಹೆಣ್ಣುಮಕ್ಕಳ ಇಂಥ ದೂರು ಕೇಳುವ ಸಮಿತಿಯಲ್ಲಿ, ಸದಸ್ಯೆ. ಅಲ್ಲಿ ಕೇಳಿದ ಯಾವ ವಿಷಯವನ್ನೂ ಇಲ್ಲಿ ಬರೆಯುವುದಿಲ್ಲ, ಬರೆಯಲೂ ಬಾರದು. ಆದರೆ ಆ ಕೋಣೆಯಲ್ಲಿ ಕೂತು ಕೂತು ಒಂದು ಇಂಗ್ಲಿಷ್ ಶಬ್ದದ ಮೇಲೆ ನನಗೆ ಜಾಸ್ತಿ ಗಮನ ಹೋಗಿದೆ. ಹರಾಸ್. ಹರಾಸ್‌ಮೆಂಟ್. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಶಬ್ದ, ಅಡುಗೆ ಕೆಲಸದವರೂ ‘ಅವನು ಭಾಳ ಹರಾಸ್ ಮಾಡ್ತಾನೆ ಬಾಯಿ’ ಅನ್ನುತ್ತಾರೆ. ಅದು ಎಲ್ಲಿಂದ ಬಂತು, ಅದರ ಹೊಟ್ಟೆಯಲ್ಲಿ ಏನಿದೆ ಅಂತ ಸ್ವಲ್ಪ ಹೇಳಬೇಕು. ಯಾಕೆಂದರೆ ಅದನ್ನು ಕನ್ನಡಕ್ಕೆ ತರುವಾಗ ಮುಖ್ಯವಾದದ್ದೇ ದಾರಿಯಲ್ಲಿ ಬಿದ್ದುಹೋಗುತ್ತಿದೆ.

ಈ ಶಬ್ದ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದ ಶುರುವಿನಲ್ಲಿ. ಫ್ರೆಂಚಿನಲ್ಲಿ ಅದಕ್ಕೆ ದಣಿಸು, ಸುಸ್ತು ಹೊಡೆಸು ಅನ್ನುವ ಅರ್ಥ. ಅದರ ಹಿಂದೆ ಇನ್ನೂ ಹಳೆಯದೊಂದು ಫ್ರೆಂಚ್ ಮಾತಿದೆ, ನಾಯಿಯನ್ನು ಛೂ ಬಿಡುವುದು ಅಂತ ಅದರ ಅರ್ಥ, ಬೇಟೆಗಾರರು ನಾಯಿಗಳನ್ನು ಹುರಿದುಂಬಿಸಲು ಕೂಗುತ್ತಿದ್ದ ಕೂಗಿನಿಂದ ಅದು ಹುಟ್ಟಿರಬೇಕು ಎಂದು ಹಲವು ನಿಘಂಟುಕಾರರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಮೊದಮೊದಲು ಇದು ಯುದ್ಧದ ಮಾತು. ಶತ್ರುವಿನ ಮೇಲೆ ಒಂದೇ ಸಲ ಬಿದ್ದು ಮುಗಿಸುವುದಲ್ಲ, ಮತ್ತೆ ಮತ್ತೆ ಸಣ್ಣ ಸಣ್ಣ ದಾಳಿ ಮಾಡಿ, ಮಲಗಲು ಬಿಡದೆ, ಉಣ್ಣಲು ಬಿಡದೆ, ಅವನು ತಾನಾಗಿಯೇ ಕೈ ಚೆಲ್ಲುವ ತನಕ ದಣಿಸುವುದು.

ದಣಿವು, ಮತ್ತೆ ಮತ್ತೆ. ಈ ಎರಡೂ ಆ ಶಬ್ದದ ಜೀವ.

ಇಂಗ್ಲಿಷಿನಲ್ಲಿ ಇದರ ಒಡಹುಟ್ಟಿದವು ಇನ್ನೂ ಹಲವು ಇವೆ. ‘ಹೌಂಡ್’ ಅಂದರೆ ಬೇಟೆನಾಯಿ, ಅದೇ ಕ್ರಿಯಾಪದವಾದಾಗ ಬೆನ್ನಟ್ಟಿ ಕಾಡುವುದು. ‘ಬ್ಯಾಜರ್’ ಎನ್ನುವುದು ಬಿಲ ತೋಡಿ ಬದುಕುವ ಒಂದು ಪ್ರಾಣಿ, ಅದರ ಮೇಲೆ ನಾಯಿಗಳನ್ನು ಬಿಟ್ಟು ಮಜಾ ನೋಡುವ ಆಟ ಇಂಗ್ಲೆಂಡಿನಲ್ಲಿತ್ತು, 1835ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸಿದರು. ಆಟ ನಿಂತಿತು, ಶಬ್ದ ಉಳಿಯಿತು: ಬಿಡದೆ ಪೀಡಿಸುವುದಕ್ಕೆ ಇವತ್ತಿಗೂ ಬ್ಯಾಜರ್ ಮಾಡುವುದು ಅನ್ನುತ್ತಾರೆ. ‘ನ್ಯಾಗ್’ ಸ್ಕ್ಯಾಂಡಿನೇವಿಯಾ ಕಡೆಯ ಮಾತು, ಮೂಲದಲ್ಲಿ ಕಡಿಯುವುದು, ಕೊರೆಯುವುದು. ‘ಪೆಸ್ಟರ್’ ಶಬ್ದಕ್ಕೂ ಪ್ಲೇಗು, ಕ್ರಿಮಿ ಎನ್ನುವ ಅರ್ಥದ ‘ಪೆಸ್ಟ್’ಗೂ ಹುಟ್ಟಿನಿಂದ ಸಂಬಂಧವಿಲ್ಲ. ಅದು ಮೇಯಲು ಬಿಟ್ಟ ಕುದುರೆಯ ಕಾಲಿಗೆ ಹಾಕುವ ಕಟ್ಟಿನಿಂದ ಬಂದದ್ದು, ದನಿ ಹತ್ತಿರ ಇದ್ದುದರಿಂದ ಆಮೇಲೆ ಪೆಸ್ಟಿನ ಬಣ್ಣ ಹತ್ತಿತು. ನೋಡಿ, ಒಂದು ಅಟ್ಟಿಸಿಕೊಂಡು ಬರುತ್ತದೆ, ಒಂದು ಕೊರೆಯುತ್ತದೆ, ಒಂದು ಕಾಲು ಕಟ್ಟುತ್ತದೆ. ತೊಂದರೆ ಅನುಭವಿಸುವ ಜೀವದ ಕಡೆಯಿಂದ ನೋಡಿದರೆ ಇದರಲ್ಲಿ ಒಂದೂ ತಮಾಷೆಯಲ್ಲ.

ತಮಾಷೆಯಾಗಿ ಕೇಳಿಸುವುದು ‘ಟೀಸ್’ ಮಾತ್ರ. ಅದು ಹಳೆಯ ಇಂಗ್ಲಿಷ್ ಶಬ್ದ, ಉಣ್ಣೆಯನ್ನು ಎಳೆ ಎಳೆಯಾಗಿ ಹಿಂಜುವುದು ಅದರ ಮೊದಲ ಅರ್ಥ. ಆಮೇಲೆ ಕೆಣಕುವುದು, ಕೀಟಲೆ ಮಾಡುವುದು ಅಂತಾಯಿತು. ಅದನ್ನು ತೆಗೆದುಕೊಂಡು, ಮುಂದೆ ಬೈಬಲ್ಲಿನ ಈವಳ ಹೆಸರು ಸೇರಿಸಿ ‘ಈವ್ ಟೀಸಿಂಗ್’ ಎಂಬ ಮಾತನ್ನು ಮಾಡಿಕೊಂಡವರು ನಾವು, ಭಾರತದವರು. ಇಂಗ್ಲೆಂಡಿನಲ್ಲಿ ಯಾರಿಗಾದರೂ ಹೇಳಿದರೆ ಅರ್ಥವಾಗುವುದಿಲ್ಲ. ಬಸ್ಸಿನಲ್ಲಿ ಮೈ ಸವರುವುದು, ಕಾಲೇಜಿನ ಗೇಟಿನಿಂದ ಮನೆ ತನಕ ಹಿಂಬಾಲಿಸುವುದು, ಎಲ್ಲವೂ ಆ ಒಂದು ಮಾತಿನ ಅಡಿಯಲ್ಲಿ ಕೀಟಲೆಯಾಯಿತು. ಕೀಟಲೆಗೆ ಒಳಗಾದವಳು ಈವ್, ಅಂದರೆ ಆಸೆ ಹುಟ್ಟಿಸಿದವಳು. ತಪ್ಪಿನಲ್ಲಿ ಅವಳಿಗೂ ಒಂದು ಪಾಲು ಹೆಸರಿನಲ್ಲೇ ಕೊಟ್ಟಾಯಿತು. ಕನ್ನಡದ ‘ಚುಡಾಯಿಸುವುದು’, ಮರಾಠಿಯ ‘ಛೇಡ್‌ಛಾಡ್’ ಎರಡೂ ಇದೇ ಜಾತಿಯವು.

2011ರ ಅಕ್ಟೋಬರ್‌ನಲ್ಲಿ ಅಂಧೇರಿಯ ಅಂಬೋಲಿಯಲ್ಲಿ ನಡೆದದ್ದು ಮುಂಬಯಿಯವರು ಯಾರೂ ಮರೆತಿರಲಿಕ್ಕಿಲ್ಲ. ಕೀನನ್ ಸಾಂತೋಸ್, ರೂಬೆನ್ ಫರ್ನಾಂಡಿಸ್ ಎಂಬ ಇಬ್ಬರು ಹುಡುಗರು ಗೆಳತಿಯರ ಜೊತೆ ಊಟಕ್ಕೆ ಹೋಗಿದ್ದರು. ಗೆಳತಿಯರ ಜೊತೆ ಅಸಭ್ಯವಾಗಿ ನಡೆದುಕೊಂಡವರನ್ನು ತಡೆದರು. ಸ್ವಲ್ಪ ಹೊತ್ತಿನಲ್ಲಿ ಆ ಗುಂಪು ಚಾಕು ಹಿಡಿದು ವಾಪಸ್ ಬಂತು, ನಡುರಸ್ತೆಯಲ್ಲಿ ಇಬ್ಬರಿಗೂ ಇರಿಯಿತು. ಇಬ್ಬರೂ ಉಳಿಯಲಿಲ್ಲ. 2016ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆಯಾಯಿತು. ಆಗ ಪತ್ರಿಕೆಗಳಲ್ಲಿ ಅದು ಎಷ್ಟೋ ದಿನ ‘ಈವ್ ಟೀಸಿಂಗ್ ಪ್ರಕರಣ’ ಅಂತಲೇ ಬಂತು. ಎರಡು ಜೀವ ಹೋದ ಮೇಲೂ ಟೀಸಿಂಗ್. ಓದುವಾಗ ಆಗಲೂ ಹೊಟ್ಟೆ ಉರಿದಿತ್ತು, ಈಗ ಬರೆಯುವಾಗಲೂ ಉರಿಯುತ್ತಿದೆ.

ಈಗ ನಮ್ಮ ‘ಕಿರುಕುಳ’ಕ್ಕೆ ಬರುತ್ತೇನೆ. ಕಿರು ಅಂದರೆ ಸಣ್ಣದು, ಕಿರುಬೆರಳು, ಕಿರುನಗೆ, ಕಿರುದಾರಿ ಇದ್ದ ಹಾಗೆ. ಹಳಗನ್ನಡದಲ್ಲಿ ಕಿರುಕುಳ ಅಂದರೆ ಅಲ್ಪವಾದದ್ದು, ಕ್ಷುಲ್ಲಕವಾದದ್ದು. ಸಣ್ಣಪುಟ್ಟ ತೊಂದರೆ ಅನ್ನುವ ಅರ್ಥ ಅದರ ಜೊತೆಗೇ ಬಂದಿದೆ. ಇವತ್ತು ಅದು ಎಲ್ಲಿ ಎಲ್ಲಿ ಬರುತ್ತದೆ ನೋಡಿ. ಸಾಲ ವಸೂಲಿಯವರ ಕಿರುಕುಳ, ಪೊಲೀಸರ ಕಿರುಕುಳ, ಲೈಂಗಿಕ ಕಿರುಕುಳ, ವರದಕ್ಷಿಣೆ ಕಿರುಕುಳ. ಸೊಸೆಗೆ ಅನ್ನ ಹಾಕದೆ ಹೊಡೆದು ಮನೆಯಿಂದ ಹೊರಗೆ ಹಾಕಿದರೂ ಕಿರುಕುಳ, ಅವಳು ನೇಣು ಹಾಕಿಕೊಂಡರೂ ‘ಕಿರುಕುಳ ತಾಳದೆ’. ಕಾನೂನು ಇಲ್ಲಿ ಬಹಳ ಸ್ಪಷ್ಟ. 1983ರಲ್ಲಿ ದಂಡ ಸಂಹಿತೆಗೆ ಸೇರಿದ 498ಎ ಕಲಮು ಅದನ್ನು ಕರೆದದ್ದು ‘ಕ್ರೂಯೆಲ್ಟಿ’ ಅಂತ, ಅಂದರೆ ಕ್ರೌರ್ಯ. ಹಣಕ್ಕಾಗಿ ಪೀಡಿಸುವ ಹರಾಸ್‌ಮೆಂಟನ್ನೂ ಆ ಕ್ರೌರ್ಯದ ವಿವರಣೆಯೊಳಗೇ ಇಟ್ಟಿದ್ದಾರೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳಲ್ಲೂ ಅದೇ ಶಬ್ದ. ಕಾನೂನು ಕ್ರೌರ್ಯ ಅನ್ನುವಾಗ ಪತ್ರಿಕೆ ಯಾಕೆ ಕಿರುಕುಳಕ್ಕೆ ಇಳಿಸಬೇಕು? ಜಾಗ ಉಳಿಯುತ್ತದೆ ಅನ್ನುವ ಹಾಗೂ ಇಲ್ಲ, ಎರಡೂ ಹೆಚ್ಚು ಕಡಿಮೆ ಅಷ್ಟೇ ಉದ್ದ.

‘ಲೈಂಗಿಕ ಕಿರುಕುಳ’ ಅನ್ನುವುದನ್ನು ಮಾತ್ರ ಬಿಡಿ ಅಂತ ನಾನು ಹೇಳುವುದಿಲ್ಲ. ಅದು ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಕೊಡುವ 2013ರ ಕಾಯಿದೆಯ ಕನ್ನಡ ಹೆಸರಿನಲ್ಲೇ ಕೂತುಬಿಟ್ಟಿದೆ, ಜನರಿಗೆ ಗೊತ್ತಾಗಿದೆ, ಈಗ ಅಲುಗಾಡಿಸಿದರೆ ದೂರು ಕೊಡಲು ಬರುವವರಿಗೇ ಗೊಂದಲ. ಆದರೆ ಆ ಹೆಸರು ಹೇಗೆ ಹುಟ್ಟಿತು ಅನ್ನುವುದು ಗೊತ್ತಿದ್ದರೆ ಅದನ್ನು ಬಳಸುವ ಕೈ ಸ್ವಲ್ಪ ಎಚ್ಚರವಾಗಿರುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಾರ್ಮಿಟಾ ವುಡ್ ಎಂಬ ಹೆಣ್ಣುಮಗಳು ಆಫೀಸ್ ಕೆಲಸ ಮಾಡುತ್ತಿದ್ದರು. ಅಲ್ಲಿನ ಒಬ್ಬ ಹಿರಿಯ ಪ್ರಾಧ್ಯಾಪಕ ವರ್ಷಗಟ್ಟಲೆ ಕಾಡಿದ. ಮೈ ಮುಟ್ಟುವುದು, ದಾರಿ ಅಡ್ಡಗಟ್ಟುವುದು. ಅವರ ಆರೋಗ್ಯ ಕೆಟ್ಟಿತು, ಕೆಲಸ ಬಿಟ್ಟರು. ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರೆ, ಸ್ವಂತ ಕಾರಣಕ್ಕೆ ಬಿಟ್ಟಿದ್ದೀರಿ ಅಂತ ಕೊಡಲಿಲ್ಲ. ಏನಾಯಿತು ಅಂತ ಹೇಳಲು ಅವರ ಹತ್ತಿರ ಒಂದು ಹೆಸರೇ ಇರಲಿಲ್ಲ. 1975ರಲ್ಲಿ ಅವರ ಜೊತೆ ನಿಂತ ಹೆಂಗಸರು ಒಟ್ಟಿಗೆ ಕೂತು ಆ ಹೆಸರು ಹುಡುಕಿದರು. ಬೆದರಿಕೆ ಅನ್ನೋಣವಾ, ಒತ್ತಾಯ ಅನ್ನೋಣವಾ, ಶೋಷಣೆ ಅನ್ನೋಣವಾ ಅಂತ ಚರ್ಚೆಯಾಯಿತು. ಯಾವುದೂ ಸರಿ ಹೊಂದಲಿಲ್ಲ. ಕಣ್ಣಿಗೆ ಕಾಣುವುದೂ ಕಾಣದಂತೆ ಮಾಡುವುದೂ ಎರಡೂ ಅದರಲ್ಲಿ ಬರಬೇಕು, ಬಿಡದೆ ನಡೆಯುತ್ತದೆ ಅನ್ನುವುದೂ ಬರಬೇಕು. ಆಗ ಯಾರೋ ಹರಾಸ್‌ಮೆಂಟ್ ಅಂದರು, ಎಲ್ಲರೂ ಹೌದು ಅಂದರು. ಅದೇ ವರ್ಷ ಮೇ ತಿಂಗಳಲ್ಲಿ ಇಥಾಕಾ ಊರಿನಲ್ಲಿ ಹೆಂಗಸರು ಸಭೆ ಸೇರಿ ತಂತಮ್ಮ ಅನುಭವವನ್ನು ಎದ್ದು ನಿಂತು ಹೇಳಿದರು. ಅಲ್ಲಿಂದ ಆ ಶಬ್ದ ಕೋರ್ಟುಗಳಿಗೆ ಹೋಯಿತು, ದೇಶ ದೇಶಗಳಿಗೆ ಹೋಯಿತು.

ನಮ್ಮ ದೇಶಕ್ಕೆ ಅದು ಕಾನೂನಾಗಿ ಬಂದದ್ದು ಒಬ್ಬ ಹಳ್ಳಿ ಹೆಣ್ಣುಮಗಳ ನೋವಿನಿಂದ. ರಾಜಸ್ಥಾನದ ಭಟೇರಿಯಲ್ಲಿ ಸರಕಾರದ ಮಹಿಳಾ ಕಾರ್ಯಕ್ರಮದ ಕೆಲಸ ಮಾಡುತ್ತಿದ್ದ ಭಂವರಿ ದೇವಿ ಒಂದು ಬಾಲ್ಯವಿವಾಹ ತಡೆಯಲು ಹೋದರು. ಅದರ ಸೇಡಿಗೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಘಟನೆಯ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು, 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ಬಂತು, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ಕೋರ್ಟೇ ನಿಯಮ ಹಾಕಿಕೊಟ್ಟ ತೀರ್ಪು. ಆ ಪೀಠದಲ್ಲಿ ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಜೊತೆ ಸುಜಾತಾ ಮನೋಹರ್ ಇದ್ದರು, ನಮ್ಮ ಬಾಂಬೆ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಮುಂಬಯಿಯವಳಾಗಿ ಇದನ್ನು ಹೇಳಲು ನನಗೆ ಹೆಮ್ಮೆ. ಅದು ಪೂರ್ಣ ಕಾಯಿದೆಯಾಗಲು ಮತ್ತೆ ಹದಿನಾರು ವರ್ಷ ಬೇಕಾಯಿತು, 2013ರ ತನಕ. ಅದೇ ವರ್ಷ, 2012ರ ಡಿಸೆಂಬರ್‌ನಲ್ಲಿ ದಿಲ್ಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಬಳಿಕ ಅದೇ ವರ್ಮಾ ಅವರ ಸಮಿತಿ ವರದಿ ಕೊಟ್ಟ ಮೇಲೆ, ಹಿಂಬಾಲಿಸಿ ಕಾಡುವುದೂ ಬೇರೆಯೇ ಅಪರಾಧವಾಯಿತು. ಈಗ ಅದು ನ್ಯಾಯ ಸಂಹಿತೆಯ 78ನೇ ಕಲಮು. ಹೆಣ್ಣು ತನಗೆ ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು, ಹಿಂಬಾಲಿಸುವುದು, ಅವಳ ಇಮೇಲ್, ಇಂಟರ್ನೆಟ್ ಮೇಲೆ ಕಣ್ಣಿಡುವುದು. ಮೊದಲ ಸಲ ಮೂರು ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ ಐದು ವರ್ಷದವರೆಗೆ. ನೀವು ‘ಕಿರಿಕಿರಿ’ ಅಂತ ಹಾಕಿದ ಸುದ್ದಿಯಲ್ಲಿ ಇದ್ದದ್ದು ಇದೇ ಅಲ್ವಾ?

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಮತ್ತೆ ಮತ್ತೆ ಆದರೆ ಮಾತ್ರ ದೂರು ಕೊಡಬಹುದು ಅಂತ ಯಾರೂ ತಿಳಿಯಬಾರದು. 2013ರ ಕಾಯಿದೆಯ ಪ್ರಕಾರ, ಬೇಡದ ನಡತೆ ಒಂದೇ ಸಲ ಆದರೂ ಅದು ಲೈಂಗಿಕ ಕಿರುಕುಳವೇ.

ಆದರೆ ನಿಜ ಜೀವನದಲ್ಲಿ ಅದು ಬರುವುದು ಸಣ್ಣ ಸಣ್ಣದಾಗಿ. ಒಂದು ಗುಡ್ ಮಾರ್ನಿಂಗ್. ಈ ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತದೆ. ಯಾಕೆ ರಿಪ್ಲೈ ಮಾಡಲಿಲ್ಲ. ನಿನ್ನೆ ಯಾರ ಜೊತೆ ಇದ್ರಿ. ಒಂದೊಂದನ್ನೇ ಬಿಡಿಸಿ ಮೇಜಿನ ಮೇಲೆ ಇಟ್ಟರೆ ಎದುರು ಕೂತವರು ‘ಇಷ್ಟೇನಾ?’ ಅಂತ ಕೇಳುತ್ತಾರೆ. ಮನೆಯವರು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ, ಅವರ ಸ್ವಭಾವವೇ ಹಾಗೆ’ ಅನ್ನುತ್ತಾರೆ. ಹೇಳುವವಳಿಗೂ ತಾನೇ ದೊಡ್ಡದು ಮಾಡುತ್ತಿದ್ದೇನಾ ಅನ್ನುವ ಅಳುಕು. ಕಲ್ಯಾಣ್ ಕಡೆಯ ಫಾಸ್ಟ್ ಲೋಕಲ್‌ನಲ್ಲಿ ಜೋತಾಡಿ ಬಂದು, ಇಡೀ ದಿನ ದುಡಿದು, ಮತ್ತೆ ಜೋತಾಡಿ ಹೋಗಿ ಅಡುಗೆ ಮಾಡುವ ಹೆಂಗಸಿಗೆ ಇದರ ಜೊತೆ ಹೋರಾಡಲು ಎಲ್ಲಿಂದ ಬರಬೇಕು ಶಕ್ತಿ? ಈ ಊರು ಆ ದಣಿವನ್ನು ಒಂದಿಷ್ಟಾದರೂ ಕಂಡಿದೆ. 1992ರ ಮೇ 5ರಂದು ಪಶ್ಚಿಮ ರೈಲ್ವೆ ಚರ್ಚ್‌ಗೇಟ್‌ನಿಂದ ಬೋರಿವಲಿಗೆ ಪೂರ್ತಿ ಹೆಂಗಸರಿಗೇ ಅಂತ ಒಂದು ಲೋಕಲ್ ಶುರು ಮಾಡಿತು, ಲೇಡೀಸ್ ಸ್ಪೆಷಲ್. ಅದು ಸೌಕರ್ಯ ಮಾತ್ರ ಆಗಿರಲಿಲ್ಲ. ಒಂದು ಗಂಟೆಯಾದರೂ ಮೈ ಬಿಗಿ ಹಿಡಿಯದೆ ನಿಲ್ಲಬಹುದು ಅನ್ನುವ ಬಿಡುವು.

ಹಾಗಾದರೆ ಕನ್ನಡದಲ್ಲಿ ಏನು ಬರೆಯಬೇಕು? ನಮಗೆ ಶಬ್ದಕ್ಕೆ ಬಡತನವಿಲ್ಲ. ನಮ್ಮ ಕರಾವಳಿಯ ಕಡೆ ‘ಉಪದ್ರ’ ಅನ್ನುತ್ತೇವೆ. ಧಾರವಾಡ, ವಿಜಯಪುರದ ಕಡೆಯವರು ‘ತ್ರಾಸ ಕೊಡ್ತಾನ’ ಅನ್ನುತ್ತಾರೆ, ಮರಾಠಿಯವರಿಗೂ ಅದು ನೇರ ತಿಳಿಯುತ್ತದೆ. ನನಗೆ ಎಲ್ಲಕ್ಕಿಂತ ಸರಿ ಅನಿಸುವುದು ‘ಕಾಟ’. ಓಡು ಓಟವಾದ ಹಾಗೆ, ನೋಡು ನೋಟವಾದ ಹಾಗೆ, ಕಾಡು ಅನ್ನುವುದು ಕಾಟವಾಗಿದೆ. ಕಾಡುವುದು ಅಂದ ಕೂಡಲೇ ಬಿಡದೆ ಅನ್ನುವುದು ತಾನಾಗಿಯೇ ಅದರೊಳಗೆ ಬರುತ್ತದೆ, ಒಂದು ಸಲ ಮಾಡಿ ಸುಮ್ಮನಾದವನನ್ನು ಯಾರೂ ಕಾಡಿದ ಅನ್ನುವುದಿಲ್ಲ. ‘ಬೇಡವೆಂದರೂ ಬೆಂಬಿಡದೆ ಕಾಡಿದ ಅಧಿಕಾರಿ’ ಅಂತ ತಲೆಬರಹ ಹಾಕಿದ್ದರೆ ಓದುಗರಿಗೆ ನಡೆದದ್ದು ಮುಕ್ಕಾಲು ಪಾಲು ಅಲ್ಲೇ ತಿಳಿಯುತ್ತಿತ್ತು. ಆರೋಪ ಸಾಬೀತಾಗುವ ತನಕ ‘ಆರೋಪ’ ಅನ್ನುವ ಪದ ಇರಲಿ, ಅದು ನ್ಯಾಯ. ಆದರೆ ಆರೋಪ ಯಾವುದರದು ಅಂತ ಸರಿಯಾಗಿ ಹೇಳಿ. ಎಷ್ಟು ಕಾಲ ನಡೆಯಿತು, ಅವಳು ಬೇಡ ಅಂದದ್ದು ಯಾವಾಗ, ಆಮೇಲೂ ಏನೇನು ಆಯಿತು, ಆಫೀಸಿನಲ್ಲಿ ಸಮಿತಿ ಇತ್ತಾ ಇಲ್ಲವಾ. ಇಷ್ಟು ಬರೆದರೆ ಯಾವ ಶಬ್ದ ಬಳಸಿದರೂ ನಡೆಯುತ್ತದೆ.

ಇನ್ನೊಂದು ವಿಷಯ, ಇದಕ್ಕೆ ನನಗೆ ನಿಜವಾಗಿ ಸಿಟ್ಟು ಬಂದಿದೆ. ಆ ಸುದ್ದಿಯಲ್ಲಿ ಹೆಸರು ಹಾಕಿರಲಿಲ್ಲ, ಸರಿ. ಆದರೆ ಅವಳ ವಯಸ್ಸು, ಇರುವ ಬಡಾವಣೆ, ಊರಿನ ಮೂಲ, ಆಫೀಸ್ ಇರುವ ಕಟ್ಟಡ ಎಲ್ಲ ಇತ್ತು. ಮುಂಬಯಿಯ ಕನ್ನಡಿಗರು ಎಷ್ಟು ಜನ? ಸಂಘದ ಕಾರ್ಯಕ್ರಮ, ಯಕ್ಷಗಾನ, ಮದುವೆ, ಪೂಜೆ ಅಂತ ಎಲ್ಲರೂ ಎಲ್ಲರಿಗೂ ಗೊತ್ತು. ಸಂಜೆಯೊಳಗೆ ಹೆಸರು ಹೊರಬಿದ್ದಿರುತ್ತದೆ. ಆಂತರಿಕ ಸಮಿತಿಗೆ ಹೋದ ದೂರಾದರೆ 2013ರ ಕಾಯಿದೆಯ 16ನೇ ಕಲಮು ದೂರಿನಲ್ಲಿ ಏನಿದೆ, ದೂರು ಕೊಟ್ಟವಳು ಯಾರು, ಯಾರ ಮೇಲೆ ದೂರು, ಸಾಕ್ಷಿ ಯಾರು ಅನ್ನುವುದನ್ನು ಪತ್ರಿಕೆಗೂ ಜನರಿಗೂ ತಿಳಿಸಬಾರದು ಅನ್ನುತ್ತದೆ. ಪೊಲೀಸ್ ಠಾಣೆಯ ಸುದ್ದಿಯಾದರೂ ಅದೇ ಮರ್ಯಾದೆ ಯಾಕಿರಬಾರದು? ಒಬ್ಬನ ಕಾಟ ತಪ್ಪಿಸಿಕೊಳ್ಳಲು ಬಾಯಿ ಬಿಟ್ಟವಳಿಗೆ ಊರಿನವರ ಕಾಟ ಶುರುವಾಗಬಾರದು.

ಈ ಪತ್ರಿಕೆ ಓದುವವರು ಆಫೀಸಿನವರು ಮಾತ್ರ ಅಲ್ಲ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ, ಮನೆಗೆಲಸ ಮಾಡುವ ಅಕ್ಕಂದಿರ ಮನೆಗಳಿಗೂ ಇದು ಹೋಗುತ್ತದೆ, ಮಕ್ಕಳು ಓದಿ ಹೇಳುತ್ತಾರೆ. ಅವರಿಗೆ ಸಮಿತಿ ಎಲ್ಲಿದೆ? ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಇರುವ ಸಣ್ಣ ಹೋಟೆಲು, ಅಂಗಡಿ, ಟೈಲರಿಂಗ್ ಶಾಪಿನವರು, ಮಾಲೀಕನ ಮೇಲೆಯೇ ದೂರು ಇರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರಿಗೂ ಅದೇ. ದೂರು ಬರೆದುಕೊಡಬೇಕು, ನಡೆದ ಮೂರು ತಿಂಗಳೊಳಗೆ, ಸಾಲುಸಾಲಾಗಿ ನಡೆದಿದ್ದರೆ ಕೊನೆಯದಾಗಿ ಆದಾಗಿನಿಂದ ಮೂರು ತಿಂಗಳು. ಬರೆಯಲು ಬಾರದವರಿಗೆ ಬರೆಯಲು ಸಹಾಯ ಮಾಡುವುದು ಸಮಿತಿಯದೇ ಹೊಣೆ. ತೊಂಬತ್ತು ದಿನದೊಳಗೆ ವಿಚಾರಣೆ ಮುಗಿಯಬೇಕು. ಇದೆಲ್ಲ ಕಾಯಿದೆಯಲ್ಲೇ ಇದೆ, ಆದರೆ ಕನ್ನಡದಲ್ಲಿ ಇದನ್ನು ಅವರ ಕೈಗೆ ತಲುಪಿಸಿದವರು ನನಗೆ ಕಂಡಿಲ್ಲ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಇಂಥ ಸುದ್ದಿ ಬಂದಾಗಲೆಲ್ಲ ಅದರ ಕೆಳಗೆ ಒಂದು ಸಣ್ಣ ಚೌಕ ಹಾಕಿ. ಮುಂಬಯಿ, ಠಾಣೆ, ಪಾಲ್ಘರ್, ರಾಯಗಡ ಜಿಲ್ಲೆಗಳ ಸ್ಥಳೀಯ ಸಮಿತಿಯ ವಿಳಾಸ ಅದರಲ್ಲಿರಲಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಕೊಡುತ್ತಾರೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ರೈಲಿನಲ್ಲಾದರೆ 139, ಈ ಮೂರು ನಂಬರೂ ಇರಲಿ. ವಿಳಾಸಗಳನ್ನು ಕೂಡಿಸಿ, ಕನ್ನಡದಲ್ಲಿ ಬರೆದು ತಂದುಕೊಡುವ ಕೆಲಸಕ್ಕೆ ನಾನು ಮತ್ತು ನಮ್ಮ ಮಹಿಳಾ ವಿಭಾಗದ ಗೆಳತಿಯರು ತಯಾರಿದ್ದೇವೆ. ಯಾವ ದಿನ ಬರಬೇಕು ಅಂತ ತಿಳಿಸಿ.

ಇಂತಿ,
ನಿಮ್ಮ ಓದುಗಾರ್ತಿ,
ಡೊಂಬಿವಲಿ ಪೂರ್ವ